ಏರಬಲ್ಲ ಜೀಪು ನಿಲ್ಲಬಲ್ಲುದೆ?

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಒದಗುವ ಜೀಪು ಎಲ್ಲಿಗೆ ಬೇಕಾದರೂ ಹೋಗಬಲ್ಲುದೆಂಬ ನಂಬಿಕೆ ತರುಣರಲ್ಲಿ ಬಲವಾಗಿದೆ. ಚನ್ನಗಿರಿಯ ಗುಡ್ಡದ ತಪ್ಪಲು, ನ್ಯಾಮತಿಗೆ ಸಮೀಪದ ತೀರ್ಥರಾಮೇಶ್ವರದ ಬೆಟ್ಟಸಾಲು, ಜಗಳೂರಿನ ಎರೆ ಹೊಲಗಳ ಬಂಡಿಜಾಡು, ಹೊನ್ನಾಳಿಯ ಹೊಳೆದಂಡೆ, ಇಂಥ ಕಡೆಗಳಲ್ಲಿ ರಸ್ತೆ ಮುಗಿದ ಮೇಲೂ ವಾಹನ ಮುಂದುವರಿಯುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ನಂಬಿಕೆಯಲ್ಲಿ ಸತ್ಯಾಂಶ ಅರ್ಧ ಮಾತ್ರ. ಉಳಿದರ್ಧವನ್ನು ತರಗತಿಯಲ್ಲಿ ಕಲಿತ ಘರ್ಷಣೆಯ ಪಾಠದಿಂದಲೇ ತಿಳಿಯಬಹುದು.

ಚಕ್ರಕ್ಕೆ ನೆಲದ ಮೇಲೆ ದೊರೆಯುವ ಹಿಡಿತವು ಅದರ ಮೇಲೆ ಬಿದ್ದ ಭಾರವನ್ನೂ ನೆಲದ ಗುಣವನ್ನೂ ಅವಲಂಬಿಸಿದೆ, ಎಂಜಿನ್ನಿನ ಅಶ್ವಶಕ್ತಿಯನ್ನಲ್ಲ. ಒಣಗಿದ ಡಾಂಬರು ರಸ್ತೆಯಲ್ಲಿ ಘರ್ಷಣಾಂಕವು ಸುಮಾರು 0.7. ಮಳೆ ಬಿದ್ದ ಎರೆಮಣ್ಣಿನಲ್ಲಿ ಅದನ್ನು 0.2 ಎಂದು ಹಿಡಿಯೋಣ. ಆ ಜೇಡಿ ನೀರು ಹೀರಿ ಉಬ್ಬಿ, ಟೈರಿನ ಕಚ್ಚುಗಳಲ್ಲಿ ಮೆತ್ತಿಕೊಂಡು, ಹೊಸ ಟೈರನ್ನೂ ಬೋಳು ಮಾಡಿಬಿಡುವುದನ್ನು ಕಂಡವರಿಗೆ ಇದು ಅತಿಶಯವೆನಿಸದು. ಹಿಂದಿನ ಎರಡು ಚಕ್ರಗಳು ಮಾತ್ರ ನೂಕುವ ವಾಹನದಲ್ಲಿ ಸುಮಾರು ಅರ್ಧ ಭಾರವಷ್ಟೇ ಹಿಡಿತಕ್ಕೆ ಒದಗುವುದರಿಂದ, ಹತ್ತಡಿಗೆ ಒಂದಡಿಯ ಏರಿನಲ್ಲಿಯೇ ಅದು ಸೋಲುತ್ತದೆ. ನಾಲ್ಕೂ ಚಕ್ರಗಳು ನೂಕಿದರೆ ಪೂರ್ಣಭಾರವು ಕೆಲಸಕ್ಕೆ ಬಂದು, ಆರಡಿಗೆ ಒಂದಡಿಯ ಏರನ್ನೂ ಜೀಪು ಹತ್ತುತ್ತದೆ.

ಅಪಾಯವಿರುವುದು ಇಲ್ಲಿಯೇ. ಬ್ರೇಕು ಸಾಧಾರಣ ಕಾರಿನಲ್ಲಿಯೂ ನಾಲ್ಕು ಚಕ್ರಗಳನ್ನು ಹಿಡಿಯುತ್ತದೆ. ಹಿಡಿಯಲು ಜೀಪಿಗೆ ಐದನೆಯ ಚಕ್ರವಿಲ್ಲ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಮೇಲೆ ಹೇಳಿದ ಕೆಸರಿನ ಸಮತಟ್ಟಿನಲ್ಲಿ ನಿಲ್ಲಲು ಬೇಕಾದ ದೂರ 6.4 ಮೀಟರ್. ಅದೇ ಕೆಸರಿನಲ್ಲಿ ಆರಕ್ಕೊಂದರ ಇಳಿಜಾರನ್ನು ಇಳಿಯುವಾಗ ಬೇಕಾದುದು ಸುಮಾರು 39 ಮೀಟರ್! ಐದಕ್ಕೊಂದರ ಇಳಿಜಾರಾದರೆ ನಾಲ್ಕು ಚಕ್ರಗಳನ್ನು ಬಿಗಿಹಿಡಿದರೂ ವಾಹನ ಜಾರುತ್ತಲೇ ಇರುತ್ತದೆ. ಸಾಧಾರಣ ಕಾರು ಬುಡದಲ್ಲಿಯೇ ಸೋತು ತನ್ನ ಒಡೆಯನನ್ನು ಉಳಿಸುತ್ತದೆ. ಜೀಪಾದರೋ ಬ್ರೇಕಿನ ಮಾತು ನಡೆಯದ ಎತ್ತರಕ್ಕೆ ಅವನನ್ನು ಕರೆದೊಯ್ದು ಬಿಡುತ್ತದೆ.

ಆದುದರಿಂದ ಏರುವ ಮುನ್ನ ಚಾಲಕನು ಕೆಳಗಿಳಿದು ಆ ದಾರಿಯನ್ನು ಕಾಲಿನಿಂದಲೇ ತುಳಿದು ನೋಡತಕ್ಕದ್ದು. ತನ್ನ ಕಾಲು ಜಾರುವಲ್ಲಿ ಜೀಪನ್ನು ಹತ್ತಿಸಕೂಡದೆಂಬುದು ನಮ್ಮ ಖಚಿತ ಅಭಿಪ್ರಾಯ. ಇಳಿಯುವಾಗ ಕೆಳಗೇರಿನಲ್ಲಿ, ಕ್ಲಚ್ಚು ತುಳಿಯದೆ, ನೇರವಾಗಿ ಇಳಿಯಬೇಕು. ಎಂಜಿನ್ನಿನ ತಡೆಯು ಘರ್ಷಣೆಯ ಮಿತಿಯನ್ನು ಮೀರಲಾರದು, ದಿಟ. ಆದರೆ ವೇಗವು ಹುಟ್ಟದಂತೆ ಕಾಯುತ್ತದೆ. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲುಭಾಗವಾಗುತ್ತದೆ. ಏರುವಾಗ ನಡುವೆ ನಿಂತುಹೋದರೆ ಹಿಂಗೇರಿನಲ್ಲಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ಬರಬೇಕೇ ಹೊರತು ಅಡ್ಡ ತಿರುಗಿಸಬಾರದು. ಗುರುತ್ವಕೇಂದ್ರ ಎತ್ತರದಲ್ಲಿರುವ ವಾಹನ ಅಡ್ಡ ನಿಂತರೆ ಮಗುಚುವುದು ಸುಲಭ. ತಾರಸಿಯ ಮೇಲೆ ಸಾಮಾನು ಹೇರಿದ್ದರಂತೂ ಇನ್ನೂ ಸುಲಭ.

ಮಳೆಗಾಲದಲ್ಲಿ ತುಂಗಭದ್ರೆಗೆ ಸೇರುವ ಹಳ್ಳಗಳನ್ನು ದಾಟುವಾಗಲೂ ಇದೇ ನಿಯಮ ಬೇರೆ ವೇಷದಲ್ಲಿ ಎದುರಾಗುತ್ತದೆ. ತಳದ ವಿಸ್ತೀರ್ಣ 6 ಚದರ ಮೀಟರ್ ಇರುವ ಜೀಪಿನಲ್ಲಿ, ತಳಮಟ್ಟಕ್ಕಿಂತ ನೀರು 10 ಸೆಂಟಿಮೀಟರ್ ಏರಿದರೆ 600 ಕಿಲೋಗ್ರಾಂ ಭಾರವನ್ನು ನೀರೇ ಎತ್ತಿಹಿಡಿಯುತ್ತದೆ. ಜೀಪಿನ ತೂಕ 1500 ಕಿಲೋಗ್ರಾಂ ಆಗಿದ್ದು, ನೀರು ಒಳಹೊಗದಿದ್ದರೆ, 25 ಸೆಂಟಿಮೀಟರಿಗೆ ಅದು ತೇಲುತ್ತದೆ. ತೇಲುವುದಕ್ಕೆ ಬಹಳ ಮೊದಲೇ ಚಕ್ರಗಳ ಮೇಲಣ ಭಾರ ಕುಗ್ಗಿ, ಹಿಡಿತ ಹೋಗಿ, ಪ್ರವಾಹವು ಅದನ್ನು ಪಕ್ಕಕ್ಕೆ ತಳ್ಳತೊಡಗುತ್ತದೆ. ಆಗ ಎಷ್ಟು ಚಕ್ರಗಳು ತಿರುಗಿದರೂ ಒಂದೇ.