ಚಂದ್ರನ ಮಣ್ಣು, ನಮ್ಮೂರ ಬಂಡೆ

ಮಕ್ಕಳೇ, ಬಸವನಗುಡಿಯ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಬಂಡೆ ಹತ್ತಿ ಆಡಿದ್ದೀರಾ? ಅದು ಸುಮಾರು 300 ಕೋಟಿ ವರ್ಷ ಹಳೆಯ ‘ನೈಸ್’ ಎಂಬ ಶಿಲೆ. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು.

2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲಿಳಿದ ಚಂದ್ರಯಾನ-3ರ ‘ಪ್ರಜ್ಞಾನ್’ ಬಂಡಿ, ಅಲ್ಲಿನ ಮಣ್ಣಿನಲ್ಲಿರುವ ಧಾತುಗಳನ್ನು ಪರೀಕ್ಷಿಸಿತು. ಚಂದ್ರನ ಮೈ ಒಂದು ಕಾಲಕ್ಕೆ ಕರಗಿದ ಶಿಲೆಯ ಕಡಲಾಗಿತ್ತು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಚಂದ್ರನಲ್ಲಿ ಮಳೆ-ಗಾಳಿ ಇಲ್ಲ. ಹಳೆಯ ಗುರುತುಗಳು ಬೇಗ ಅಳಿಯುವುದಿಲ್ಲ. ಭೂಮಿಯಲ್ಲಿ ಹಾಗಲ್ಲ. ಆದ್ದರಿಂದ ಇಷ್ಟು ಹಳೆಯ ಬಂಡೆ ಇಲ್ಲಿ ಅಪರೂಪ.

ಚಂದ್ರನ ಮಣ್ಣನ್ನು ಅರಿಯಲು ಅಷ್ಟು ದೂರ ಯಂತ್ರ ಕಳಿಸುವ ನಾವು, ನಮ್ಮೂರ ಬಂಡೆಯ ಮೇಲೆ ಹೆಸರು ಕೆತ್ತುವುದು, ಬಣ್ಣ ಬಳಿಯುವುದು ಸರಿಯೇ? ಖಂಡಿತ ಸರಿಯಲ್ಲ. ಮುಂದಿನ ಸಲ ಹೋದಾಗ ಬಂಡೆಯ ಕಪ್ಪು-ಬಿಳಿ ಪಟ್ಟೆಗಳನ್ನು ಗಮನಿಸಿ, ಚಿತ್ರ ಬರೆಯಿರಿ. ಹೆಸರು ಬರೆಯಲು ನೋಟ್‌ಬುಕ್ ಇದ್ದೇ ಇದೆ!