ತಾಯ್ತನಕ್ಕೂ ಜಾತಕ ಕೇಳುವ ಕಾಯ್ದೆ

ಗಂಡನಿಗೆ 57, ಹೆಂಡತಿಗೆ 45. ಇದ್ದ ಒಬ್ಬನೇ ಮಗ 2022ರ ಡಿಸೆಂಬರ್‌ನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ. ಅವನಿಗಿನ್ನೂ 23. ಬರಿದಾದ ಮನೆಯಲ್ಲಿ ಮತ್ತೊಂದು ಕೂಸಿನ ಅಳು ಕೇಳಲಿ ಎಂದು ಬಾಡಿಗೆ ತಾಯ್ತನದ ದಾರಿ ಹಿಡಿಯಹೊರಟ ದಂಪತಿಗೆ ಅಡ್ಡ ಬಂದದ್ದು ಬರೀ ಎರಡು ವರ್ಷ. ಗಂಡನ ವಯಸ್ಸು 55 ದಾಟಿರಬಾರದು ಎನ್ನುತ್ತದೆ ಕಾಯ್ದೆ. ಅವರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿದರು.

2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಯಸ್ಸಿನ ಲೆಕ್ಕವನ್ನು ಪಕ್ಕಕ್ಕಿಟ್ಟು ಮೂರು ಪರೀಕ್ಷೆಗಳನ್ನು ಮುಂದಿಟ್ಟರು. ಹುಟ್ಟುವ ಮಗುವಿಗೆ ಕಾಯಿಲೆ ದಾಟದಷ್ಟು ಗಂಡನ ವೀರ್ಯಾಣು ಆರೋಗ್ಯವಾಗಿದೆಯೇ? ಮಗುವನ್ನು ಎತ್ತಿ ಆಡಿಸುವ ತ್ರಾಣ ದಂಪತಿಗೆ ಇದೆಯೇ? ನಾಳೆ ಆ ಮಗು ಬೀದಿಗೆ ಬೀಳದಂತೆ ನೋಡಿಕೊಳ್ಳುವ ಆರ್ಥಿಕ ಬಲ ಇದೆಯೇ? ಈ ಮೂರನ್ನೂ ನೋಡಿ ಅರ್ಹತೆ ತೀರ್ಮಾನಿಸಲಿ ಎಂಬುದು ತೀರ್ಪಿನ ಸಾರ. ವೀರ್ಯದ ಗುಣಮಟ್ಟ ತೂಗುವ ಮೊದಲನೆಯ ಪರೀಕ್ಷೆಯ ಬಗ್ಗೆ ತಕರಾರು ಎತ್ತಬಹುದು. ಆದರೆ ಉಳಿದೆರಡು ಪ್ರಶ್ನೆಗಳ ನೋಟ ಇರುವುದು ಮಗುವಿನ ಮೇಲೆ. 2022ರ ಜನವರಿ 25ರಂದು ಜಾರಿಗೆ ಬಂದ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯ ನೋಟ ಅಲ್ಲಿಲ್ಲ. ಅದು ಕೇಳುವುದು ಅಪ್ಪ ಅಮ್ಮಂದಿರ ಜಾತಕವನ್ನು.

ಹೆಂಡತಿ 23ರಿಂದ 50, ಗಂಡ 26ರಿಂದ 55. ಕಾನೂನುಬದ್ಧ ಮದುವೆ ಆಗಿರಬೇಕು. ಬದುಕಿರುವ ಮಗು ಇರಬಾರದು. ಇದಕ್ಕೊಂದು ವಿನಾಯಿತಿ ಇದೆ: ಇರುವ ಮಗುವಿಗೆ ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯವಿದ್ದರೆ, ವಾಸಿಯಾಗದ ಮಾರಕ ಕಾಯಿಲೆ ಇದ್ದರೆ, ಜಿಲ್ಲಾ ವೈದ್ಯಕೀಯ ಮಂಡಳಿಯ ಸರ್ಟಿಫಿಕೇಟ್ ತಂದು ಇನ್ನೊಂದಕ್ಕೆ ಪ್ರಯತ್ನಿಸಬಹುದು. ಅಂಗವಿಕಲ ಮಗುವನ್ನು ಮಗುವಿನ ಲೆಕ್ಕಕ್ಕೇ ಹಿಡಿಯದ ಈ ಸಾಲು ಸಂಸತ್ತಿನಲ್ಲಿ ಪಾಸಾಗಿ ಬಂದದ್ದು, ಯಾವುದೋ ಹಳೇ ಕಾಲದ ಧರ್ಮಶಾಸ್ತ್ರದಲ್ಲಿ ಇದ್ದದ್ದಲ್ಲ.

ಹಾಗೆಂದು ಕಾಯ್ದೆಯೇ ಬೇಡವಾಗಿತ್ತು ಎನ್ನುವಂತಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಗುಜರಾತಿನ ಆನಂದ್ ಊರನ್ನು ನೆನೆಯಬೇಕು. ಅಮೂಲ್ ಹಾಲಿನಿಂದ ಹೆಸರಾಗಿದ್ದ ಆ ಊರು ಬಾಡಿಗೆ ತಾಯಂದಿರ ಊರೆಂದೂ ಲೋಕಕ್ಕೆ ಪರಿಚಯವಾಯಿತು. ಬಡ ಹೆಂಗಸರು ಗರ್ಭ ಹೊತ್ತು ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿ ಉಳಿಯುತ್ತಿದ್ದರು. ವಿದೇಶಿ ದಂಪತಿಗಳು ಬಂದು ಮಗು ಎತ್ತಿಕೊಂಡು ಹೋಗುತ್ತಿದ್ದರು. 2008ರ ಜುಲೈ 25ರಂದು ಅಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ಮಗುವನ್ನು ಬಯಸಿ ಬಂದಿದ್ದ ಜಪಾನಿ ದಂಪತಿ ಅಷ್ಟರಲ್ಲಿ ವಿಚ್ಛೇದನ ಪಡೆದಿದ್ದರು. ಹೆಂಡತಿಗೆ ಮಗು ಬೇಡವಾಗಿತ್ತು. ಅಂಡಾಣು ಕೊಟ್ಟವಳು ಯಾರೋ ಅನಾಮಿಕಳು. ಹೊತ್ತವಳ ಕೆಲಸ ಹೆರಿಗೆಗೆ ಮುಗಿದಿತ್ತು. ತಂದೆಗೆ ಮಗು ಬೇಕಿತ್ತು, ಆದರೆ ಒಂಟಿ ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯಲು ಇಲ್ಲಿನ ಕಾನೂನು ಬಿಡಲಿಲ್ಲ. ಹುಟ್ಟಿದ ಮಾರನೆಯ ದಿನವೇ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ. ಕೂಸನ್ನು ಜೈಪುರಕ್ಕೆ ಸಾಗಿಸಿದರು. ಕೊನೆಗೆ ಜಪಾನಿನಿಂದ ಬಂದ ಅಜ್ಜಿ ಸುಪ್ರೀಂ ಕೋರ್ಟಿನವರೆಗೂ ಅಲೆದು ಮೊಮ್ಮಗಳನ್ನು ಕರೆದೊಯ್ಯಬೇಕಾಯಿತು.

ಕಾಕತಾಳೀಯ ಎನ್ನಬೇಕು, ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದೂ ಜುಲೈ 25ರಂದೇ, 1978ರಲ್ಲಿ. ಸರಿಯಾಗಿ ಮೂವತ್ತು ವರ್ಷದಲ್ಲಿ ವಿಜ್ಞಾನ ಎಲ್ಲಿಂದ ಎಲ್ಲಿಗೋ ಹೋಗಿತ್ತು. ಭಾರತದ ಕಾನೂನು ಹೊರಟೇ ಇರಲಿಲ್ಲ.

‘ಹೊತ್ತು, ಹೆತ್ತು, ಸಾಕಿ ಸಲಹಿದವಳು’ ಎಂದು ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಹೇಳುವ ರೂಢಿ. ಆ ಒಂದು ಉಸಿರನ್ನು ಐವಿಎಫ್ ಪ್ರಯೋಗಾಲಯ ಮೂವರು ಹೆಂಗಸರಿಗೆ ಹಂಚಿತು. ಹಂಚಿಕೆ ಸಲೀಸಾಗಿರುವಷ್ಟು ದಿನ ಯಾರಿಗೂ ತೊಂದರೆಯಿಲ್ಲ. ಮನೆ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಬಾಂಬೆ ಹೈಕೋರ್ಟಿನ 2024ರ ಆಗಸ್ಟ್ ತಿಂಗಳ ತೀರ್ಪು ನೋಡಬೇಕು. ಬಾಡಿಗೆ ತಾಯಿಯಿಂದ ಹುಟ್ಟಿದ ಅವಳಿ ಹೆಣ್ಣುಮಕ್ಕಳು. ಅಂಡಾಣು ಕೊಟ್ಟವಳು ಹೆಂಡತಿಯ ಸ್ವಂತ ತಂಗಿ. ಅಪಘಾತದಲ್ಲಿ ತನ್ನ ಗಂಡನನ್ನೂ ಮಗಳನ್ನೂ ಕಳೆದುಕೊಂಡ ತಂಗಿ ಮುಂದೆ ಭಾವನ ಮನೆ ಸೇರಿದಳು. ಅಕ್ಕ ಹೊರಗಾದಳು. ‘ಮಕ್ಕಳ ನಿಜವಾದ ತಾಯಿ ನಾದಿನಿಯೇ, ಹೆಂಡತಿಗೆ ಹಕ್ಕಿಲ್ಲ’ ಎಂಬುದು ಗಂಡನ ವಾದ. ಕೋರ್ಟ್ ಒಪ್ಪಲಿಲ್ಲ. ಅಂಡಾಣು ಕೊಟ್ಟವಳು ದಾನಿ ಮಾತ್ರ, ತಾಯಿಯಲ್ಲ ಎಂದು ಹೇಳಿ ಐದು ವರ್ಷದ ಮಕ್ಕಳನ್ನು ಅಕ್ಕ ಭೇಟಿ ಮಾಡಲು ಅವಕಾಶ ಕೊಟ್ಟಿತು. ತೀರ್ಪು ಸರಿಯೇ. ಆದರೆ ಆ ಮಕ್ಕಳು ದೊಡ್ಡವರಾಗಿ ಕೇಳುವ ಪ್ರಶ್ನೆಗೆ ಯಾವ ಕೋರ್ಟಿನಲ್ಲೂ ಉತ್ತರ ಸಿಗಲಿಕ್ಕಿಲ್ಲ.

ಇನ್ನು ದುಡ್ಡಿನ ಮಾತು. ಕಾಯ್ದೆ ನಿಷೇಧಿಸಿರುವುದು ಬಾಡಿಗೆಯನ್ನು. ಕನ್ನಡ ಪತ್ರಿಕೆಗಳು ಅದನ್ನು ಕರೆಯುವುದು ಬಾಡಿಗೆ ತಾಯ್ತನದ ಕಾಯ್ದೆ ಎಂದೇ! ಹೊತ್ತು ಹೆರುವ ಹೆಂಗಸಿಗೆ ವೈದ್ಯಕೀಯ ವೆಚ್ಚ, 36 ತಿಂಗಳ ವಿಮೆ ಮತ್ತು ನಿಗದಿತ ಖರ್ಚು ಬಿಟ್ಟರೆ ಬೇರೇನೂ ಕೊಡುವಂತಿಲ್ಲ. ಕೊಟ್ಟು ಸಿಕ್ಕಿಬಿದ್ದರೆ ಜೈಲು. ಅವಳು ಮದುವೆಯಾಗಿ ಸ್ವಂತ ಮಗು ಪಡೆದವಳಾಗಿರಬೇಕು, 25ರಿಂದ 35ರೊಳಗಿರಬೇಕು, ಬದುಕಿನಲ್ಲಿ ಒಮ್ಮೆ ಮಾತ್ರ ಹೊರಬೇಕು. ಡಾಕ್ಟರಿಗೆ ಫೀಸು, ಲ್ಯಾಬಿಗೆ ಬಿಲ್ಲು, ವಕೀಲರಿಗೆ ಸಂಭಾವನೆ. ಒಂಬತ್ತು ತಿಂಗಳ ವಾಂತಿ, ಬೆನ್ನುನೋವು, ಸಿಸೇರಿಯನ್ ಹೊಲಿಗೆಯೆಲ್ಲ ಅನುಭವಿಸುವವಳಿಗೆ ಮಾತ್ರ ಪರೋಪಕಾರದ ಪಾಠ. ಬಾಣಂತನ ಮಾಡುವ ಆಯಾಗೂ ಸಂಬಳ ಕೊಡುವ ಸಮಾಜ ಇದು.

ಶೋಷಣೆ ತಡೆಯಲೆಂದೇ ಹಣ ನಿಷೇಧಿಸಿದ್ದು ಎಂಬ ಸಮರ್ಥನೆಯಲ್ಲಿ ಪ್ರಾಮಾಣಿಕತೆ ಇದೆ. ಆನಂದ್‌ನ ಹಾಸ್ಟೆಲ್‌ಗಳನ್ನು ನೋಡಿದ ಯಾರಿಗೂ ಅದು ಅರ್ಥವಾಗುತ್ತದೆ. ಆದರೆ ನಿಷೇಧದಿಂದ ವ್ಯಾಪಾರ ನಿಂತಿದೆಯೇ? ಕಾಯ್ದೆ ಜಾರಿಯಾದ ಕೆಲವೇ ತಿಂಗಳಲ್ಲಿ, 2022ರ ಜೂನ್‌ನಲ್ಲಿ, ಪಕ್ಕದ ತಮಿಳುನಾಡಿನ ಈರೋಡ್‌ನಲ್ಲಿ 16 ವರ್ಷದ ಹುಡುಗಿಯ ಅಂಡಾಣುಗಳನ್ನು ಮತ್ತೆ ಮತ್ತೆ ಮಾರಿದ ಪ್ರಕರಣ ಬಯಲಾಯಿತು. ನಕಲಿ ಆಧಾರ್ ಮಾಡಿಸಿ ಅವಳ ವಯಸ್ಸು ಏರಿಸಲಾಗಿತ್ತು. ಬಂಧಿತರಲ್ಲಿ ಹೆತ್ತ ತಾಯಿಯೂ ಇದ್ದಳು. ಅಂಡಾಣು ದಾನಿಗೆ ಕನಿಷ್ಠ 23 ವರ್ಷ, ಜೀವಮಾನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ತೆಗೆಯಬಾರದು ಎಂಬ ನಿಯಮ ಪುಸ್ತಕದಲ್ಲಿ ಭದ್ರವಾಗಿದೆ. ಲೆಕ್ಕ ಬರೆದು, ಬ್ಯಾಂಕ್ ಖಾತೆಗೆ ಹಾಕಿ, ಕಾಯ್ದೆಯಡಿಯ ರಾಜ್ಯ ಮಂಡಳಿಯ ಕಣ್ಣೆದುರೇ ನ್ಯಾಯವಾದ ಪರಿಹಾರ ಕೊಡುವ ವ್ಯವಸ್ಥೆ ಇದ್ದರೆ ದಲ್ಲಾಳಿಗೆ ಜಾಗ ಕಡಿಮೆಯಾಗುತ್ತದೆ. ಕದ್ದು ಕೊಡುವ ದುಡ್ಡಿಗೆ ರಸೀದಿಯೂ ಇಲ್ಲ, ರಕ್ಷಣೆಯೂ ಇಲ್ಲ.

ಜಾತಕದ ಇನ್ನೊಂದು ದೋಷ ಮದುವೆಯದು. ನಟಿ ಭಾವನಾ ರಾಮಣ್ಣ ತಾವು ಮದುವೆಯಾಗದೆಯೇ ಐವಿಎಫ್ ಮೂಲಕ ಅವಳಿ ಮಕ್ಕಳನ್ನು ಹೊತ್ತಿರುವುದಾಗಿ 2025ರ ಜುಲೈನಲ್ಲಿ ಹೇಳಿಕೊಂಡಾಗ ಕರ್ನಾಟಕದಲ್ಲಿ ಹೊಗಳಿಕೆ, ಮೂದಲಿಕೆ ಎರಡೂ ಹರಿದವು. ಅವರು ಮಾಡಿದ್ದು ಸಂಪೂರ್ಣ ಕಾನೂನುಬದ್ಧ. 2021ರಲ್ಲಿ ಬಾಡಿಗೆ ತಾಯ್ತನ ಕಾಯ್ದೆಯ ಜೊತೆಗೇ ಸಂಸತ್ತಿನಲ್ಲಿ ಪಾಸಾದ ಇನ್ನೊಂದು ಕಾಯ್ದೆ, ನೆರವಿನ ಸಂತಾನೋತ್ಪತ್ತಿಯದು, 21 ದಾಟಿದ, 50 ತುಂಬದ ಯಾವ ಹೆಣ್ಣಿಗೂ ಐವಿಎಫ್ ಬಾಗಿಲು ತೆರೆದಿದೆ. ಆದರೆ ಅಂಥ ಅವಿವಾಹಿತೆಗೆ ಗರ್ಭಕೋಶವೇ ಇಲ್ಲದಿದ್ದರೆ? ಬಾಡಿಗೆ ತಾಯ್ತನ ಸಿಗುವುದಿಲ್ಲ. ವಿಧವೆಗೂ ವಿಚ್ಛೇದಿತೆಗೂ ಉಂಟು, 35ರಿಂದ 45ರವರೆಗೆ. ಅಂದರೆ ಮದುವೆಯಾಗಿ ಬಿಟ್ಟು ಬಂದರೆ ಯೋಗ್ಯಳು, ಆಗದೆ ಉಳಿದರೆ ಅಯೋಗ್ಯಳು. ಒಂದೇ ವರ್ಷ, ಒಂದೇ ಸಂಸತ್ತು ಮಾಡಿದ ಎರಡು ಕಾಯ್ದೆಗಳು ಹೀಗೆ ಒಂದರ ಮುಖ ಒಂದು ನೋಡುವುದಿಲ್ಲ.

ವಯಸ್ಸಿಗೆ ಮಿತಿಯೇ ಬೇಡವೇ ಎಂದು ಕೇಳುವವರಿಗೆ 2019ರ ಗುಂಟೂರು ನೆನಪಿರಬಹುದು. 74 ವರ್ಷದ ಅಜ್ಜಿ ಐವಿಎಫ್‌ನಿಂದ ಅವಳಿ ಹೆತ್ತರು. ಗಂಡ 80ರ ಆಸುಪಾಸಿನವರು. ಸಂಭ್ರಮದ ಬೆನ್ನಿಗೇ ಗಂಡ ಕಾಯಿಲೆ ಬಿದ್ದರು, ಮರುವರ್ಷ ತೀರಿಕೊಂಡರು. ಅಂಥದ್ದನ್ನು ತಡೆಯುವುದು ಕಾನೂನಿನ ಕೆಲಸವೇ. ಆದರೆ 57ನ್ನೂ 80ನ್ನೂ ಒಂದೇ ಗೆರೆಯಲ್ಲಿ ಹೊರಗಿಡುವುದು ಗುಮಾಸ್ತಿಕೆಯ ಕೆಲಸ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಕೆ.ವಿ. ವಿಶ್ವನಾಥನ್, ಕಾಯ್ದೆ ಜಾರಿಗೂ ಮೊದಲೇ ಭ್ರೂಣ ಶೈತ್ಯೀಕರಿಸಿಟ್ಟ ದಂಪತಿಗಳಿಗೆ ವಯೋಮಿತಿ ಅನ್ವಯಿಸದು ಎಂದರು. ಸಹಜವಾಗಿ ಗರ್ಭ ಧರಿಸುವವರಿಗೆ ಇಲ್ಲದ ವಯೋಮಿತಿಯ ಮಾತೂ ಅಲ್ಲಿ ಬಂತು. ಹಳಬರಿಗೆ ಇದು ನೆಮ್ಮದಿ. ಹೊಸದಾಗಿ ಬರುವವರು ಮತ್ತೆ ಕೋರ್ಟಿಗೇ ಹೋಗಬೇಕು. ವಕೀಲರ ಫೀಸು ಭರಿಸಲಾಗದವರು ಮನೆಯಲ್ಲೇ ಉಳಿಯಬೇಕು.

ಕರ್ನಾಟಕ ಹೈಕೋರ್ಟ್ ಕೇಳಿದ ಪ್ರಶ್ನೆಗಳನ್ನು ರಾಜ್ಯ ಮಂಡಳಿಗಳ ಕೈಗೆ ಕೊಟ್ಟು, ಪ್ರತಿ ಅರ್ಜಿಯನ್ನೂ ಅದರದರ ಸ್ಥಿತಿ ನೋಡಿ ತೀರ್ಮಾನಿಸಲು ಬಿಡುವ ತಿದ್ದುಪಡಿಯನ್ನು ಕೇಂದ್ರ ಸರ್ಕಾರ ತರಬೇಕು. ಸದ್ಯಕ್ಕಂತೂ ಕಾಯ್ದೆಯ ಪುಸ್ತಕದಲ್ಲಿ ಗಂಡನ ವಯಸ್ಸಿನ ಗೆರೆ 55ರಲ್ಲೇ ನಿಂತಿದೆ.