ಟರ್ಕಿ ಮರಿಗೆ ಬೇರೆ ನೆಲ
ಹಿತ್ತಲಲ್ಲಿ ನಾಟಿ ಕೋಳಿ ಸಾಕಿದವರು ಟರ್ಕಿ ಮರಿ ತಂದರೆ ಮೊದಲು ಕೇಳುವುದು, ಎಲ್ಲವನ್ನೂ ಒಂದೇ ಗೂಡಿಗೆ ಬಿಡಬಹುದೇ ಎಂದು. ಖಂಡಿತ ಬೇಡ. ಕೋಳಿಯ ಕರುಳಿನಲ್ಲಿರುವ ಹೆಟೆರಾಕಿಸ್ ಎಂಬ ಸಣ್ಣ ಹುಳುವಿನ ಮೊಟ್ಟೆಯೊಳಗೆ ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ ಅಡಗಿರುತ್ತದೆ. ಆ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು ವರ್ಷಗಟ್ಟಲೆ ಉಳಿಯುತ್ತದೆ, ಎರೆಹುಳುವಿನ ಮೈಯಲ್ಲೂ ಸೇರಿಕೊಳ್ಳುತ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ನೆಲ ಕೆದಕಿದ ಟರ್ಕಿ ಮರಿ ರೆಕ್ಕೆ ಜೋತುಬಿಟ್ಟು ತೂಕಡಿಸುತ್ತದೆ, ಗಂಧಕದಂಥ ಹಳದಿ ಹಿಕ್ಕೆ ಹಾಕುತ್ತದೆ, ಯಕೃತ್ತು ಹುಣ್ಣಾಗಿ ಸಾಯುತ್ತದೆ. ಮಾರುಕಟ್ಟೆಯಲ್ಲಿ ಈ ರೋಗಕ್ಕೆ ಲಸಿಕೆಯಿಲ್ಲ. ಟರ್ಕಿ ಮರಿಗೆ ಮೊದಲ ದಿನಗಳಲ್ಲಿ ಮೇವು, ನೀರು ಗುರುತಿಸುವುದೇ ಕಷ್ಟ, ತಟ್ಟೆ ಎದುರಿಗಿದ್ದೂ ಹಸಿದು ಸಾಯುವುದುಂಟು. ಹಾಗಾಗಿ ಕೋಳಿಮರಿ ಕುಕ್ಕುವುದನ್ನು ನೋಡಿ ಕಲಿಯಲಿ ಎಂದು ಕೆಲವರು ಜೊತೆಗೆ ಬಿಡುತ್ತಾರೆ. ನೀರಿನ ತಟ್ಟೆಗೆ ನಾಲ್ಕು ಬಣ್ಣದ ಗೋಲಿ ಹಾಕಿದರೂ ಆ ಕೆಲಸ ಆಗುತ್ತದೆ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಮೇವಿನಲ್ಲಿ ಶೇ 28ರಷ್ಟು ಪ್ರೋಟೀನ್ ಇರಬೇಕು. ಕೋಳಿಮರಿಯ ಮೇವಿನಲ್ಲಿ ಅಷ್ಟಿರುವುದಿಲ್ಲ. ಬೇರೆ ಜಾಗವಿಲ್ಲದಿದ್ದರೆ ನೆಲದಿಂದ ಎತ್ತರಿಸಿದ ಜಾಲರಿ ಗೂಡು ಕಟ್ಟಿ. ಕೋಳಿ ಗೂಡಿಗೆ ಮೆಟ್ಟಿಹೋದ ಚಪ್ಪಲಿಯಲ್ಲಿ ಟರ್ಕಿ ಗೂಡಿನ ಹತ್ತಿರ ಹೋಗಬೇಡಿ.